ಪಟ್ಟಿಯಲ್ಲಿ ಕಾಣುತ್ತದೆ, ತೆರೆಯುವುದಿಲ್ಲ ಯಾಕೆ?

ಪ್ರಶ್ನೆ: ನಮ್ಮದು ಸಣ್ಣ ಫೋಟೋ ಸ್ಟುಡಿಯೋ. ಮದುವೆ ಆಲ್ಬಂ ಕೆಲಸಕ್ಕೆ ಅಡೋಬಿಯ ಫೋಟೋಗ್ರಫಿ ಪ್ಲಾನ್ ತೆಗೆದುಕೊಂಡಿದ್ದೇನೆ. ಕ್ರಿಯೇಟಿವ್ ಕ್ಲೌಡ್ ತೆರೆದರೆ ವಿಡಿಯೊ ಎಡಿಟ್ ಮಾಡುವ ಪ್ರೀಮಿಯರ್, ಚಿತ್ರ ಬಿಡಿಸುವ ಇಲ್ಲಸ್ಟ್ರೇಟರ್, ಪುಟ ಜೋಡಿಸುವ ಇನ್‌ಡಿಸೈನ್ ಎಲ್ಲವೂ ಪಟ್ಟಿಯಲ್ಲಿ ಕಾಣುತ್ತವೆ. ಹಾಕಿಕೊಳ್ಳಲು ಹೋದರೆ ಮತ್ತೆ ದುಡ್ಡು ಕೇಳುತ್ತದೆ. ಎಲ್ಲ ಆ್ಯಪ್ ಇರುವ ದೊಡ್ಡ ಪ್ಲಾನ್‌ಗೇ ಹೋಗಬೇಕಾ ಸರ್?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ಸೆಟ್‌ಟಾಪ್ ಬಾಕ್ಸ್‌ನಲ್ಲಿ ಎಲ್ಲ ಚಾನೆಲ್‌ಗಳ ಹೆಸರೂ ಕಾಣುತ್ತವೆ, ಹಾಕಿಸಿದ ಪ್ಯಾಕ್‌ನಲ್ಲಿ ಇರುವುದು ಮಾತ್ರ ಬರುತ್ತದೆ ಅಲ್ವಾ? ಇದೂ ಹಾಗೇ. ಪಟ್ಟಿ ಎಲ್ಲರಿಗೂ ಒಂದೇ. ನೀವು ಲಾಗಿನ್ ಆದ ಕೂಡಲೇ ನಿಮ್ಮ ಖಾತೆಗೆ ಯಾವ ಪ್ಲಾನ್ ಇದೆ ಎಂದು ಅಡೋಬಿ ಸರ್ವರ್ ನೋಡುತ್ತದೆ. ಪ್ಲಾನ್ ಒಳಗಿರುವ ಆ್ಯಪ್‌ಗೆ ‘ಇನ್‌ಸ್ಟಾಲ್’ ಎಂಬ ಬಟನ್, ಹೊರಗಿರುವುದಕ್ಕೆ ‘ಟ್ರೈ’ ಅಥವಾ ‘ಬೈ’. ನಿಮ್ಮ ಪ್ಲಾನ್‌ಗೆ ಸೇರಿರುವುದು ಫೋಟೋಶಾಪ್ ಮತ್ತು ಲೈಟ್‌ರೂಮ್. ಬರೀ ಒಂದು ಆ್ಯಪ್ ಬೇಕಾದವರಿಗೆ ಒಂದೇ ಆ್ಯಪ್‌ನ ಪ್ಲಾನ್ ಇದೆ, ಎಲ್ಲ ಬೇಕಾದವರಿಗೆ ದೊಡ್ಡದು.

‘ಟ್ರೈ’ ಒತ್ತುವಾಗ ಜೋಪಾನ. 7 ದಿನ ಉಚಿತ, ಆದರೆ ಕಾರ್ಡ್ ಮೊದಲೇ ಕೊಡಬೇಕು, ಅಷ್ಟರಲ್ಲಿ ರದ್ದು ಮಾಡದಿದ್ದರೆ ಚಂದಾ ತಾನಾಗಿ ಶುರುವಾಗುತ್ತದೆ.

2012ರಲ್ಲಿ ಕ್ರಿಯೇಟಿವ್ ಕ್ಲೌಡ್ ಬಂತು. ಮರುವರ್ಷವೇ, ಇನ್ನು ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಕಂಪನಿ ಹೇಳಿಬಿಟ್ಟಿತು. ಒಮ್ಮೆ ಕೊಂಡು ಇಟ್ಟುಕೊಳ್ಳುವ ಕಾಲ ಸಿಎಸ್6 ಎಂಬ ಆವೃತ್ತಿಗೇ ಮುಗಿಯಿತು. ಈಗ ನಾವು ಕೊಡುವ ದುಡ್ಡು ಬಳಸುವ ಅನುಮತಿಗೆ, ಅದೂ ಅವಧಿ ಇರುವ ತನಕ. ಹಾಗಾಗಿ ಬೆಲೆಗಿಂತ ಮೊದಲು ಅವಧಿ ನೋಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ‘ವಾರ್ಷಿಕ, ತಿಂಗಳ ಕಂತು’ ಎಂಬ ಆಯ್ಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ತಿಂಗಳ ಮೊತ್ತ, ಒಪ್ಪಂದ ಮಾತ್ರ ಇಡೀ ವರ್ಷದ್ದು. ಮೊದಲ 14 ದಿನದೊಳಗೆ ಬಿಟ್ಟರೆ ಪೂರ್ತಿ ಹಣ ವಾಪಸ್. ಆಮೇಲೆ ಬಿಟ್ಟರೆ ಉಳಿದ ತಿಂಗಳುಗಳ ಹಣದಲ್ಲಿ ಅರ್ಧ ಕಟ್ಟಬೇಕು. ಈ ಶುಲ್ಕವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸುತ್ತಿಲ್ಲ ಎಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜೂನ್‌ನಲ್ಲಿ ಅಡೋಬಿ ವಿರುದ್ಧ ಕೇಸು ಹಾಕಿಸಿತು. ಮದುವೆ ಸೀಸನ್‌ನ ನಾಲ್ಕು ತಿಂಗಳಿಗೆ ಮಾತ್ರ ಪ್ರೀಮಿಯರ್ ಬೇಕು ಎನ್ನುವವರು ನಿಜವಾದ ತಿಂಗಳ ಪ್ಲಾನನ್ನೇ ಆರಿಸಿ. ತಿಂಗಳಿಗೆ ಜಾಸ್ತಿ ಬೀಳುತ್ತದೆ ನಿಜ, ಆದರೆ ಕೆಲಸ ಮುಗಿದ ತಿಂಗಳು ದಂಡವಿಲ್ಲದೆ ಬಿಡಬಹುದು. ವರ್ಷದ ಪ್ಲಾನ್ ಜತೆ ಲೆಕ್ಕ ಹಾಕಿ ನೋಡಿ.

ಆಲ್ಬಂ ಕೆಲಸದವರು ಗಮನಿಸಲೇಬೇಕಾದ್ದು ಇನ್ನೊಂದಿದೆ. ಚಂದಾ ನಿಂತ ಮೇಲೂ ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತದೆ. ಲೈಬ್ರರಿಯಲ್ಲಿ ಫೋಟೋ ನೋಡಬಹುದು, ಎಕ್ಸ್‌ಪೋರ್ಟ್ ಕೂಡ ಮಾಡಬಹುದು. ಮುಚ್ಚಿಕೊಳ್ಳುವುದು ಫೋಟೋ ತಿದ್ದುವ ಡೆವಲಪ್ ಮತ್ತು ತೆಗೆದ ಜಾಗ ತೋರಿಸುವ ಮ್ಯಾಪ್ ವಿಭಾಗಗಳು. ಅಂದರೆ ಬಣ್ಣ ತಿದ್ದಿದ ಫೋಟೋ ಕೈತಪ್ಪುವುದಿಲ್ಲ, ಆದರೆ ವಧುವಿನ ಕಡೆಯವರು ಬಂದು ಮುಖ ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂದರೆ ಆ ಸ್ಲೈಡರ್ ಅಲುಗುವುದಿಲ್ಲ. ಫೋಟೋಶಾಪ್ ಅಷ್ಟೂ ಕೆಲಸ ಮಾಡುವುದಿಲ್ಲ, ನಿಂತೇ ಹೋಗುತ್ತದೆ. ಅದಕ್ಕೇ ಬಿಡುವ ಮೊದಲು ಮುಖ್ಯ ಆಲ್ಬಂಗಳ ಪಿಎಸ್‌ಡಿ (ಫೋಟೋಶಾಪ್‌ನದೇ ಫೈಲ್) ಜತೆಗೆ ಜೆಪೆಗ್ ಪ್ರತಿಯನ್ನೂ ತೆಗೆದು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ.

ಬ್ಯಾನರ್, ಲಗ್ನಪತ್ರಿಕೆ ಥರದ ಕೆಲಸ ಆಗೊಮ್ಮೆ ಈಗೊಮ್ಮೆ ಬರುವುದಾದರೆ ಇಲ್ಲಸ್ಟ್ರೇಟರ್‌ಗೆಂದು ದೊಡ್ಡ ಪ್ಲಾನ್ ಹಾಕಿಸಬೇಡಿ. ಅದೇ ಥರದ ಕೆಲಸಕ್ಕೆ ಇಂಕ್‌ಸ್ಕೇಪ್ ಎಂಬ ಆ್ಯಪ್ ಉಚಿತ. ಅಫಿನಿಟಿ ಎಂಬ ಇನ್ನೊಂದು ಆ್ಯಪ್ಅನ್ನೂ 2025ರ ಅಕ್ಟೋಬರ್‌ನಲ್ಲಿ ಉಚಿತ ಮಾಡಿದ್ದಾರೆ. ಅಲ್ಲೂ ಮೆಟ್ಟಿಲು ಇದ್ದೇ ಇದೆ ಅನ್ನಿ, ಎಐ ಸೌಲಭ್ಯ ಬೇಕೆಂದರೆ ಅಫಿನಿಟಿಯ ಒಡೆತನದ ಕಂಪನಿ ಕ್ಯಾನ್ವಾಗೆ ದುಡ್ಡು ಕಟ್ಟಬೇಕು. ಕಳೆದ ತಿಂಗಳು ನೀವು ನಿಜವಾಗಿ ತೆರೆದ ಆ್ಯಪ್‌ಗಳು ಯಾವುವು ಎಂದು ಒಂದು ಚೀಟಿಯಲ್ಲಿ ಬರೆದು, ಆಮೇಲೆ ಪ್ಲಾನ್ ನೋಡಿ.

ಪ್ರಶ್ನೆ: ಒಂದೇ ಪ್ಲಾನ್‌ನಲ್ಲಿ ಅಂಗಡಿಯಲ್ಲಿ ನಾನು, ಮನೆಯಲ್ಲಿ ತಮ್ಮ ಕೆಲಸ ಮಾಡಬಹುದಾ? ಬ್ಯಾಂಕ್‌ನಲ್ಲಿ ಆಟೋ ಡೆಬಿಟ್ ನಿಲ್ಲಿಸಿದರೆ ಚಂದಾ ರದ್ದಾಗುತ್ತದಾ?
– ಓದುಗರೊಬ್ಬರು, ಹಾಸನ

ಉತ್ತರ: ವೈಯಕ್ತಿಕ ಪ್ಲಾನ್ ಒಬ್ಬರಿಗೆ. ಎರಡು ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿರಬಹುದು, ಒಂದೇ ಹೊತ್ತಿಗೆ ಎರಡರಲ್ಲೂ ಬಳಸುವ ಹಾಗಿಲ್ಲ. ತಮ್ಮನಿಗೆ ಬೇರೆಯದೇ ತೆಗೆದುಕೊಳ್ಳಿ. ಇನ್ನು ಆಟೋ ಡೆಬಿಟ್ ವಿಷಯ: ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತದ 24 ಗಂಟೆ ಮೊದಲು ನಿಮಗೆ ಮೆಸೇಜ್ ಬರಬೇಕು, ಅದನ್ನು ಓದದೆ ಅಳಿಸಬೇಡಿ. ಬ್ಯಾಂಕ್‌ನಲ್ಲಿ ನಿಲ್ಲಿಸಿದರೆ ಹಣ ಹೋಗುವುದು ನಿಲ್ಲುತ್ತದೆ, ಕಂಪನಿ ಜತೆಗಿನ ಒಪ್ಪಂದ ಹಾಗೇ ಇರುತ್ತದೆ. ಮೊದಲು ಅಡೋಬಿ ಖಾತೆಗೆ ಹೋಗಿ ಪ್ಲಾನ್ ರದ್ದು ಮಾಡಿ, ಖಚಿತಪಡಿಸುವ ಇಮೇಲ್ ಬಂದ ಮೇಲೆ ಬ್ಯಾಂಕ್ ಕಡೆ ನೋಡಿ.