ಹಿಲ್ಸ್‌ಬರೊದಿಂದ ಪೋರ್ಟ್‌ಲ್ಯಾಂಡ್ ಡೌನ್‌ಟೌನಿಗೆ ದಿನಾ ಮ್ಯಾಕ್ಸ್ ರೈಲಿನಲ್ಲಿ ಹೋಗಿ ಬರಬಹುದಾ, ಇಲ್ಲ ಕಾರೇ ಬೇಕಾ? ಯಾವುದು ಬೇಗ?

ಆಫೀಸು ಅಮೆರಿಕದ ಒರೆಗಾನ್‌ನ ಪೋರ್ಟ್‌ಲ್ಯಾಂಡ್ ಡೌನ್‌ಟೌನಿನಲ್ಲಿ, ಮನೆ ಅದರ ಪಶ್ಚಿಮಕ್ಕಿರುವ ಹಿಲ್ಸ್‌ಬರೊ ಊರಿನ ಕಡೆ, ರೈಲಾ ಕಾರಾ ಅಂತ ಕೇಳಿದ್ದೀರಿ. ನಾನೂ ಇಲ್ಲಿಗೆ ಬರುವಾಗ ಇದೇ ನಿಮಿಷದ ಲೆಕ್ಕ ಹಾಕುತ್ತಾ ಕೂತಿದ್ದೆ. ಆ ಲೆಕ್ಕ ನಂಬಿಕೊಂಡು ಒಂದು ವರ್ಷ ಪಾಡು ಪಟ್ಟೆ.

ಮ್ಯಾಕ್ಸ್, ಅಂದರೆ ಪೋರ್ಟ್‌ಲ್ಯಾಂಡ್ ಸುತ್ತಲಿನ ಲೈಟ್ ರೈಲಿನ ಬಗ್ಗೆ ಮೊದಲೇ ಓದಿಕೊಂಡಿದ್ದೆ. 1986ರಲ್ಲಿ ಪೂರ್ವದ ಗ್ರೆಶಮ್‌ನಿಂದ ಡೌನ್‌ಟೌನಿಗೆ ಶುರುವಾದ ಲೈನು. 1998ರಲ್ಲಿ ಬೆಟ್ಟದ ಅಡಿ ಮೂರು ಮೈಲಿ ಸುರಂಗ ಕೊರೆದು ಪಶ್ಚಿಮಕ್ಕೆ, ಹಿಲ್ಸ್‌ಬರೊವರೆಗೂ ತಂದರು. ಅದೇ ಬ್ಲೂ ಲೈನ್. ಮ್ಯಾಪ್ ತೆಗೆದು, ಆ ನೀಲಿ ಗೆರೆಗೆ ಅಂಟಿಕೊಂಡಂತೆ ಇರುವ ಅಪಾರ್ಟ್‌ಮೆಂಟ್ ಹುಡುಕಿದೆ. ಸಿಕ್ಕಿತು. ಬಾಲ್ಕನಿಯಲ್ಲಿ ನಿಂತರೆ ಬೇಲಿಯಾಚೆ ಹಳಿ ಕಾಣುತ್ತಿತ್ತು, ರೈಲಿನ ಗಂಟೆ ಕೇಳಿಸುತ್ತಿತ್ತು. ಸ್ಟೇಷನ್ ಎಷ್ಟು ದೂರ ಅಂತ ಬಾಡಿಗೆ ಆಫೀಸಿನವರನ್ನು ಕೇಳಿದೆ. ಐದು ನಿಮಿಷ ಅಂದರು. ಒಂದು ವರ್ಷದ ಲೀಸಿಗೆ ಸಹಿ ಹಾಕಿಬಿಟ್ಟೆ.

ಇಲ್ಲೇ ಎಡವಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆ ಹುಡುಕುವ ಗಡಿಬಿಡಿಯಲ್ಲಿ ಇದು ಯಾರಿಗೂ ಹೊಳೆಯುವುದಿಲ್ಲ. ಹಳಿ ಹತ್ತಿರ ಇದ್ದ ಮಾತ್ರಕ್ಕೆ ರೈಲು ಹತ್ತಿರ ಇದ್ದಂತಲ್ಲ. ಊರಾಚೆಗೆ ಬಂದ ಮೇಲೆ ಸ್ಟೇಷನ್‌ಗಳು ದೂರ ದೂರ. ಹಳಿಯುದ್ದಕ್ಕೂ ಬೇಲಿ, ನಡುವೆ ದಾಟಲು ದಾರಿ ಇಲ್ಲ. ನಮ್ಮ ಕಾಂಪ್ಲೆಕ್ಸಿನ ಗೇಟು ಹಳಿಗೆ ಬೆನ್ನು ಹಾಕಿ ಇನ್ನೊಂದು ರಸ್ತೆಗೆ ಇತ್ತು. ಮನೆಯಿಂದ ಹೊರಟರೆ ಮೊದಲು ಸ್ಟೇಷನ್‌ನಿಂದ ದೂರ ಹೋಗಬೇಕು, ಆಮೇಲೆ ದೊಡ್ಡ ರಸ್ತೆ ಹಿಡಿಯಬೇಕು, ಸಿಗ್ನಲ್ಲಿನಲ್ಲಿ ಕಾಯಬೇಕು, ಪಾರ್ಕಿಂಗ್ ಜಾಗ ಪೂರ್ತಿ ದಾಟಬೇಕು. ಆಗ ಪ್ಲಾಟ್‌ಫಾರ್ಮ್ ಸಿಗುತ್ತದೆ. ಅವರು ಹೇಳಿದ ಐದು ನಿಮಿಷ ಕಾರಿನದು. ಅವರೇನೂ ಸುಳ್ಳು ಹೇಳಲಿಲ್ಲ, ನಡೆದು ಎಷ್ಟು ಅಂತ ನಾನೇ ಕೇಳಲಿಲ್ಲ. ನಾವು ಮನೆ ನೋಡಲು ಹೋಗಿದ್ದೂ ಕಾರಿನಲ್ಲೇ, ಜುಲೈ ತಿಂಗಳ ಭಾನುವಾರ. ಆಗ ಇಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ.

ನವೆಂಬರ್ ಬಂತು. ಐದು ಗಂಟೆಗೆಲ್ಲ ಕತ್ತಲು, ಬಿಡದೆ ಹಿಡಿದ ಜಡಿಮಳೆ. ಆ ದೊಡ್ಡ ರಸ್ತೆಯಲ್ಲಿ ಒಂದು ಕಡೆ ಫುಟ್‌ಪಾತ್ ಇದ್ದಕ್ಕಿದ್ದಂತೆ ಮುಗಿದುಹೋಗುತ್ತಿತ್ತು. ಅಲ್ಲಿಂದ ಮುಂದೆ ಒದ್ದೆ ಹುಲ್ಲಿನ ಮೇಲೆ ನಡೆಯಬೇಕು, ಪಕ್ಕದಲ್ಲಿ ಕಾರುಗಳು ನೀರು ಎರಚಿಕೊಂಡು ಹೋಗುತ್ತಿದ್ದವು. ಒದ್ದೆ ಕಾಲುಚೀಲದಲ್ಲೇ ಮಧ್ಯಾಹ್ನದವರೆಗೆ ಕೂತಿರುತ್ತಿದ್ದೆ. ಬಸ್ಸೂ ಇತ್ತು. ಆದರೆ ಬಸ್ಸು ಸ್ವಲ್ಪ ತಡವಾದರೂ ರೈಲು ಕಣ್ಣೆದುರೇ ಹೊರಟುಹೋಗುತ್ತಿತ್ತು.

ಕೊನೆಗೆ ಸ್ಟೇಷನ್‌ವರೆಗೆ ಕಾರಿನಲ್ಲಿ ಹೋಗಲು ಶುರು ಮಾಡಿದೆ. ಅಲ್ಲಿ ಪಾರ್ಕಿಂಗ್ ಉಚಿತ, ನಿಜ. ಆದರೆ ಮನೆಯಲ್ಲಿದ್ದ ಒಂದೇ ಕಾರು ಇಡೀ ದಿನ ಅಲ್ಲಿ ಸುಮ್ನೆ ನಿಂತಿರುತ್ತಿತ್ತು. ಮಗುವನ್ನು ಡೇಕೇರಿಗೆ ಬಿಟ್ಟು ಕೆಲಸಕ್ಕೆ ಹೋಗಲು ನನ್ನ ಹೆಂಡತಿಗೆ ಕಾರು ಬೇಕಿತ್ತು. ಇನ್ನೊಂದು ಕಾರು ತಗೊಂಡೆವು. ಸಾಲ, ಇನ್ಶೂರೆನ್ಸ್, ರಿಜಿಸ್ಟ್ರೇಷನ್. ರೈಲಿನಲ್ಲಿ ಹೋಗಿ ದುಡ್ಡು ಉಳಿಸುತ್ತೇನೆ ಅಂದುಕೊಂಡಿದ್ದವನಿಗೆ ಕಾರಿನ ಖರ್ಚೇ ಎರಡರಷ್ಟಾಯಿತು. ಲೀಸು ಮುರಿಯೋಣ ಅಂದರೆ ಎರಡು ತಿಂಗಳ ಬಾಡಿಗೆ ದಂಡ. ಹಲ್ಲು ಕಚ್ಚಿಕೊಂಡು ವರ್ಷ ಮುಗಿಸಿದೆವು.

ಆಮೇಲೆ ಹಿಲ್ಸ್‌ಬರೊದಲ್ಲೇ ಇರುವ ಒರೆಂಕೊ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ ಮನೆ ಮಾಡಿದೆವು. ರೈಲಿಗೆ ಹೊಂದಿಸಿಯೇ ಕಟ್ಟಿದ ಬಡಾವಣೆ ಅದು. ಅಗಲವಾದ ಫುಟ್‌ಪಾತ್, ಬೀದಿದೀಪ, ನೇರ ದಾರಿ. ಬಾಡಿಗೆ ಜಾಸ್ತಿಯಾಯಿತು, ಎರಡನೇ ಕಾರು ಮಾರಿದೆವು. ಅದೇ ಆಫೀಸು, ಅದೇ ರೈಲು. ಆದರೂ ಸಂಜೆ ಮನೆಗೆ ಬಂದರೆ ಮಗುವಿನ ಜೊತೆ ಆಡುವಷ್ಟು ಜೀವ ಉಳಿದಿರುತ್ತಿತ್ತು.

ಹಾಗಾಗಿ ನೀವು ಕೇಳುತ್ತಿರುವ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡ್ಕೋಬೇಡಿ. ಯಾವುದು ಬೇಗ ಅಂತ ನೋಡಿದರೆ ಎಷ್ಟೋ ದಿನ ಕಾರೇ ಬೇಗ. ಒರೆಂಕೊದಿಂದ ಡೌನ್‌ಟೌನಿನ ನಡುವಿನ ಪಯೋನಿಯರ್ ಸ್ಕ್ವೇರ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ರಸ್ತೆ ಖಾಲಿ ಇದ್ದರೆ ಕಾರಿಗೆ ಅಷ್ಟು ಬೇಡ. ಆದರೆ ಬೆಳಿಗ್ಗೆ ಸನ್‌ಸೆಟ್ ಹೈವೇಯಲ್ಲಿ ಡೌನ್‌ಟೌನಿನ ರಸ್ತೆ ಸುರಂಗಕ್ಕೆ ಮೊದಲು ಸಾಲುಗಟ್ಟಿ ನಿಲ್ಲಬೇಕು, ಆಮೇಲೆ ಪಾರ್ಕಿಂಗಿಗೆ ದುಡ್ಡು ಸುರಿಯಬೇಕು. ರೈಲಿನ ಮುಕ್ಕಾಲು ಗಂಟೆ ನಿಮ್ಮದು. ಓದಿ, ನಿದ್ದೆ ಮಾಡಿ, ಅಮ್ಮನಿಗೆ ಫೋನ್ ಮಾಡಿ.

ನೀವು ಮಾಡಬೇಕಾದ್ದು ಇಷ್ಟೇ. ಅಪಾರ್ಟ್‌ಮೆಂಟಿನ ಬಾಗಿಲಿನಿಂದ ಪ್ಲಾಟ್‌ಫಾರ್ಮಿನವರೆಗೆ ನಿಮ್ಮ ಕಾಲಲ್ಲೇ ನಡೆದು ನೋಡಿ, ಕತ್ತಲಾದ ಮೇಲೆ. ಹತ್ತು ನಿಮಿಷ ದಾಟಿದರೆ ಆ ಮನೆ ಬೇಡ, ಅಡುಗೆಮನೆ ಎಷ್ಟೇ ಚೆನ್ನಾಗಿರಲಿ. ಒರೆಂಕೊ, ಕ್ವಾಟಾಮಾ, ಬೀವರ್ಟನ್ ಕಡೆ ಹುಡುಕಿ. 2024ರ ಆಗಸ್ಟ್‌ನಿಂದ ಮ್ಯಾಕ್ಸ್‌ನ ಇನ್ನೊಂದು ಲೈನಾದ ರೆಡ್ ಲೈನೂ ಹಿಲ್ಸ್‌ಬರೊ ಏರ್‌ಪೋರ್ಟ್ ಸ್ಟೇಷನ್‌ವರೆಗೆ ಬರುತ್ತದೆ. ಅದಕ್ಕಿಂತ ಈಚೆ, ಡೌನ್‌ಟೌನ್ ಕಡೆಗೆ ಇದ್ದರೆ ಎರಡು ಲೈನು, ಕಾಯುವುದು ಕಡಿಮೆ. ಅದನ್ನು ದಾಟಿ ಆಚೆ ಹೋದರೆ ಬ್ಲೂ ಒಂದೇ.

ಆಫೀಸು ಡೌನ್‌ಟೌನಿನಲ್ಲಿ ಎಲ್ಲಿ ಅಂತಲೂ ನೋಡಿಕೊಳ್ಳಿ. ಅಲ್ಲಿ ರೈಲು ರಸ್ತೆಯ ಮೇಲೆ ಸಿಗ್ನಲ್ ನೋಡಿಕೊಂಡು ಹೋಗುತ್ತದೆ, ನಿಧಾನ. ನದಿ ದಾಟಬೇಕಾದರೆ 1912ರ ಸ್ಟೀಲ್ ಬ್ರಿಡ್ಜ್ ಇದೆ. ದೋಣಿ ಬಂದರೆ ಸೇತುವೆ ಮೇಲೇಳುತ್ತದೆ, ರೈಲು ಕಾಯಬೇಕು. ಡೌನ್‌ಟೌನಿನ ಬ್ಲಾಕುಗಳು, ಅಂದರೆ ಎರಡು ಅಡ್ಡರಸ್ತೆಗಳ ನಡುವಿನ ಜಾಗ, 200 ಅಡಿಯಷ್ಟೇ ಉದ್ದ, ಅದಕ್ಕೇ ಎರಡು ಬೋಗಿಗಿಂತ ಜಾಸ್ತಿ ಹಾಕಲು ಆಗುವುದಿಲ್ಲ. ಹಾಗಾಗಿ ಸಂಜೆ ನಿಂತೇ ಬರಬೇಕಾದೀತು.

ಟಿಕೆಟ್ ಸುಲಭ. 2024ರಿಂದ 2.80 ಡಾಲರ್, ಎರಡೂವರೆ ಗಂಟೆ ನಡೆಯುತ್ತದೆ. ದುಡ್ಡು ತುಂಬಿಸಿಟ್ಟು ಬಳಸುವ ಹಾಪ್ ಕಾರ್ಡ್ ಇಟ್ಟುಕೊಂಡರೆ ದಿನಕ್ಕೆ 5.60, ತಿಂಗಳಿಗೆ 100 ಡಾಲರ್ ಆದ ಮೇಲೆ ಕತ್ತರಿಸುವುದಿಲ್ಲ. ಸ್ಟೇಷನ್ನಿನಲ್ಲಿ ಗೇಟ್ ಇಲ್ಲ ಅಂತ ಅಲ್ಲಿನ ಯಂತ್ರಕ್ಕೆ ಕಾರ್ಡ್ ತೋರಿಸದೆ ಹತ್ತಬೇಡಿ, ತಪಾಸಣೆಯವರು ಬಂದರೆ ದಂಡ. ಇನ್ನೊಂದು, ಬಾಗಿಲು ತಾನಾಗಿ ತೆಗೆಯುತ್ತೆ ಅಂತ ಕಾಯಬೇಡಿ. ದೀಪ ಹೊತ್ತಿದ ಬಟನ್ ಒತ್ತಬೇಕು.

ರೈಲು ಕೈಕೊಡುವ ದಿನಗಳೂ ಇವೆ. ಚಳಿಗಾಲದಲ್ಲಿ ಹಳಿಯ ಮೇಲಿನ ಕರೆಂಟ್ ತಂತಿಗೆ ಮಂಜುಗಡ್ಡೆ ಕಟ್ಟಿದರೆ ಕಷ್ಟ. 2021ರ ಜೂನ್‌ನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಮ್ಯಾಕ್ಸ್ ಪೂರ್ತಿ ನಿಂತಿತ್ತು. ಅಂಥ ದಿನ ಮನೆಯಿಂದ ಕೆಲಸ ಮಾಡಬಹುದಾ ಅಂತ ಆಫೀಸಿನಲ್ಲಿ ಈಗಲೇ ಕೇಳಿಟ್ಟುಕೊಳ್ಳಿ.

ಯಾವ ಅಪಾರ್ಟ್‌ಮೆಂಟ್ ನೋಡಿದ್ದೀರಿ ಅಂತ ಬರೆದಿಲ್ಲ. ಸಹಿ ಹಾಕುವ ಮೊದಲು ಹತ್ತಿರದ ಸ್ಟೇಷನ್ನಿನ ಹೆಸರು ಹೇಳಿ. ಈ ಕಡೆಯ ಹೆಚ್ಚಿನ ಸ್ಟೇಷನ್‌ಗಳಿಗೆ ನಡೆದು ಹೋಗಿದ್ದೇನೆ, ದಾರಿ ಹೇಗಿದೆ ಅಂತ ತಿಳಿಸುತ್ತೇನೆ.