ಮಾದರಿಯ ಬಗೆಯಿಂದ ಅಲ್ಗಾರಿದಂಗಳ ವಿಂಗಡಣೆ

ಪ್ರಶ್ನೆ: ಮಷೀನ್ ಲರ್ನಿಂಗ್ ಅಲ್ಗಾರಿದಂಗಳನ್ನು ಮಾದರಿಯ ಬಗೆಯಿಂದ ವಿಂಗಡಿಸುವುದು ಹೇಗೆ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮಷೀನ್ ಲರ್ನಿಂಗ್ ಅಲ್ಗಾರಿದಂ ದತ್ತಾಂಶದಿಂದ ಕಲಿತು ಕಟ್ಟುವುದೇ ಮಾದರಿ (ಮಾಡೆಲ್). ಕಲಿತದ್ದು ಅದರಲ್ಲಿ ಯಾವ ರೂಪದಲ್ಲಿ ಉಳಿಯುತ್ತದೆ ಎಂಬುದೇ ಈ ವಿಂಗಡಣೆಯ ಆಧಾರ. ನಿಮ್ಮೂರಿನ ಎಪಿಎಂಸಿಗೆ ಬಂದ ಮೆಕ್ಕೆಜೋಳದ ತೇವಾಂಶ, ಕಾಳಿನ ಗಾತ್ರ ಮತ್ತು ಸಿಕ್ಕ ಧಾರಣೆಯ ಸಾವಿರಾರು ಸಾಲುಗಳ ದಾಖಲೆ ನಿಮ್ಮ ಬಳಿ ಇದೆಯೆಂದುಕೊಳ್ಳಿ. ಲೀನಿಯರ್ ರಿಗ್ರೆಷನ್ ಅದನ್ನು ಮೂರೇ ಸಂಖ್ಯೆಗಳಿಗೆ ಇಳಿಸುತ್ತದೆ: ತೇವಾಂಶಕ್ಕೊಂದು, ಗಾತ್ರಕ್ಕೊಂದು, ಆರಂಭದ ಮೌಲ್ಯಕ್ಕೊಂದು. ಡಿಸಿಷನ್ ಟ್ರೀ ‘ತೇವಾಂಶ ಶೇ. 14ಕ್ಕಿಂತ ಹೆಚ್ಚೇ?’ ಎಂಬಂಥ ಪ್ರಶ್ನೆಗಳ ಕವಲುಗಳನ್ನು ಕಟ್ಟುತ್ತದೆ. 2001ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಲಿಯೊ ಬ್ರೈಮನ್ ವಿವರಿಸಿದ ರ‍್ಯಾಂಡಮ್ ಫಾರೆಸ್ಟ್ ಅಂಥ ಅನೇಕ ಮರಗಳ ಉತ್ತರಗಳನ್ನು ಒಟ್ಟುಗೂಡಿಸುತ್ತದೆ. ಕೆ-ನಿಯರೆಸ್ಟ್ ನೇಬರ್ಸ್ ದಾಖಲೆಯನ್ನು ಹಾಗೆಯೇ ಇಟ್ಟುಕೊಂಡು, ಹೊಸ ಮಾಲು ಬಂದಾಗ ಅದನ್ನು ಹೆಚ್ಚು ಹೋಲುವ ಹಳೆಯ ಮಾಲಿನ ಧಾರಣೆಗಳ ಸರಾಸರಿ ತೆಗೆಯುತ್ತದೆ. ನೈವ್ ಬೇಯ್ಸ್ ಸಂಭವನೀಯತೆಯನ್ನು ಆಧರಿಸಿದ್ದು. ನ್ಯೂರಲ್ ನೆಟ್‌ವರ್ಕ್ ಪದರಗಳಲ್ಲಿ ಜೋಡಿಸಿದ ತೂಕಗಳದ್ದು, ಅಂದರೆ ಕಲಿಯುವಾಗ ಹೊಂದಿಸಿಕೊಳ್ಳುವ ಸಂಖ್ಯೆಗಳದ್ದು.

ಈ ಹೆಸರುಗಳಿಗಿಂತ ಮುಖ್ಯವಾದ ಗೆರೆ ಪ್ಯಾರಾಮೆಟ್ರಿಕ್, ನಾನ್‌ಪ್ಯಾರಾಮೆಟ್ರಿಕ್ ಎಂಬುದು. ಮೊದಲ ಬಗೆಯಲ್ಲಿ ನಿಯತಾಂಕಗಳ, ಅಂದರೆ ದತ್ತಾಂಶದಿಂದ ಕಲಿಯಬೇಕಾದ ಅಂಕಿಗಳ, ಸಂಖ್ಯೆ ಮೊದಲೇ ನಿಗದಿಯಾಗಿರುತ್ತದೆ. ಎರಡನೆಯದರಲ್ಲಿ ದತ್ತಾಂಶ ಬೆಳೆದಂತೆ ಮಾದರಿಯೂ ಬೆಳೆಯಬಹುದು. ಕೋಟಿಗಟ್ಟಲೆ ತೂಕಗಳಿದ್ದರೂ, ರಚನೆ ನಿಗದಿಯಾದ ನ್ಯೂರಲ್ ನೆಟ್‌ವರ್ಕ್ ಪ್ಯಾರಾಮೆಟ್ರಿಕ್ ಗುಂಪಿಗೇ ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಒಂದೇ ಡಿಸಿಷನ್ ಟ್ರೀಯನ್ನು ಮಿತಿಯಿಲ್ಲದೆ ಕವಲೊಡೆಯಲು ಬಿಟ್ಟರೆ, ಅದು ಹಳೆಯ ದಾಖಲೆಯನ್ನು ಬಾಯಿಪಾಠ ಮಾಡಿ ಹೊಸ ಮಾಲಿನಲ್ಲಿ ಎಡವುತ್ತದೆ. ಅನೇಕ ಮರಗಳ ಉತ್ತರ ಸೇರಿದಾಗ ಈ ತೊಂದರೆ ತಗ್ಗುತ್ತದೆ. ಆದ್ದರಿಂದ ಇಂಥ ಕೋಷ್ಟಕ ರೂಪದ ದತ್ತಾಂಶಕ್ಕೆ ಲೀನಿಯರ್ ಮಾದರಿಯನ್ನೂ ರ‍್ಯಾಂಡಮ್ ಫಾರೆಸ್ಟನ್ನೂ ಮೊದಲು ಹೋಲಿಸಿ ನೋಡಿ. ನ್ಯೂರಲ್ ನೆಟ್‌ವರ್ಕ್ ಆಮೇಲಿರಲಿ.