ತೂಕ ಏರದ ಮಗು ಯಾವುದು, ಮೊದಲು ಅದನ್ನು ಹೇಳಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಬಾಲ ವಿಕಾಸ ಸಮಿತಿಯಲ್ಲಿದ್ದೇನೆ. ಅಂಗನವಾಡಿಯ ಆಹಾರದ ಜೊತೆಗೆ ಊರವರೇ ಕಾಳುಕಡಿ ಸೇರಿಸಿ, ಗೋಧಿ, ಹೆಸರುಕಾಳು, ಶೇಂಗಾ ಹುರಿದು ಹಿಟ್ಟು ಮಾಡಿ, ಮೂರು ವರ್ಷದೊಳಗಿನ 26 ಮಕ್ಕಳ ಮನೆಗೆ ಹದಿನೈದು ದಿನಕ್ಕೊಮ್ಮೆ ಕೊಡುತ್ತಿದ್ದೇವೆ. ಐದು ತಿಂಗಳಾಯಿತು, ತೂಕ ಅಂಥಾದ್ದೇನೂ ಏರಿಲ್ಲ. ಅರ್ಧ ಜನ ನಿಲ್ಲಿಸಿಬಿಡೋಣ ಅಂತಾರೆ. ಉಳಿದವರು ವರ್ಷ ಮುಗೀಲಿ, ಆಮೇಲೆ ನೋಡೋಣ ಅಂತಾರೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ನಿಲ್ಲಿಸಿದರೆ ಎಲ್ಲಿ ತಪ್ಪಿತು ಅಂತ ಗೊತ್ತಾಗುವುದೇ ಇಲ್ಲ. ವರ್ಷ ಕಾದರೆ ಈಗ ಒಂದೂವರೆ ವರ್ಷದ ಮಗುವಿಗೆ ಎರಡು ದಾಟಿರುತ್ತದೆ, ಅದಕ್ಕೆ ಹೋದ ಕಾಲ ವಾಪಸ್ ಬರುವುದಿಲ್ಲ. ಹಿಟ್ಟು ಕೊಡುತ್ತಲೇ ತಪ್ಪು ಹುಡುಕಿ, ಕೊಡುತ್ತಲೇ ಸರಿಮಾಡಿ.

ತೂಕ ಏರಿಲ್ಲ ಅಂತ ಬರೆದಿದ್ದೀರಿ. ಯಾರದ್ದು? 26 ಮಕ್ಕಳದ್ದೂ? ಒಂದು ನೋಟ್‌ಬುಕ್‌ನಲ್ಲಿ ಎಲ್ಲರ ಹೆಸರು ಬರೆದು, ಐದು ತಿಂಗಳ ತೂಕವನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಕೆಲವರು ಚೆನ್ನಾಗಿ ಏರಿರುತ್ತಾರೆ, ಕೆಲವರು ಎರಡು ತಿಂಗಳಿಂದ ನಿಂತಲ್ಲೇ ನಿಂತಿರುತ್ತಾರೆ. ಇನ್ನು ಕೆಲವರ ಸಾಲು ಖಾಲಿಯೇ ಇರುತ್ತದೆ, ಯಾಕಂದ್ರೆ ಅಪ್ಪ ಅಮ್ಮ ದುಡಿಯಲು ಬೆಂಗಳೂರಿಗೆ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿರುತ್ತಾರೆ. ಸರಾಸರಿ ತೆಗೆದರೆ ಇದ್ಯಾವುದೂ ಕಾಣುವುದಿಲ್ಲ.

ಹಾಗೇ ತಕ್ಕಡಿಯನ್ನೂ ನೋಡಿ. ನಾನು ಮೇಲ್ವಿಚಾರಕಿಯಾಗಿದ್ದಾಗ ಒಂದು ಅಂಗನವಾಡಿಯಲ್ಲಿ ಮಗುವನ್ನು ಕೂರಿಸುವ ಮೊದಲೇ ತಕ್ಕಡಿಯ ಮುಳ್ಳು 200 ಗ್ರಾಂ ಮೇಲೆ ನಿಂತಿತ್ತು. ಒಂದು ವರ್ಷ ದಾಟಿದ ಮಗು ಒಂದು ತಿಂಗಳಲ್ಲಿ ಏರುವುದೇ ಹೆಚ್ಚುಕಮ್ಮಿ ಅಷ್ಟು! ಹಿಂದಿನ ತಿಂಗಳು ಮುಳ್ಳು ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ, ಹಾಗಾಗಿ ಇಡೀ ಊರಿನ ಆ ಎರಡು ತಿಂಗಳ ಲೆಕ್ಕವನ್ನು ನಂಬುವ ಹಾಗೇ ಇರಲಿಲ್ಲ. ಪ್ರತಿ ಸಲ ಮುಳ್ಳು ಸೊನ್ನೆಗೆ ತನ್ನಿ, ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಇಟ್ಟು ಪರೀಕ್ಷಿಸಿ, ಮಗುವಿನ ದಪ್ಪ ಬಟ್ಟೆ ತೆಗೆದು ತೂಗಿ.

ಆಮೇಲೆ ನಿಂತುಹೋದ ಮಕ್ಕಳ ಮನೆಗೆ ಹೋಗಿ. ಊಟದ ಹೊತ್ತಿಗೇ ಹೋಗಿ, ಇದು ಮುಖ್ಯ. ನಾನು ಹೋದ ಒಂದು ಮನೆಯಲ್ಲಿ ತಾಯಿ ಬೆಳಿಗ್ಗೆಯೇ ಹೊಲಕ್ಕೆ ಹೋಗಿದ್ದಳು, ಅಜ್ಜಿ ಮೂರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಒಂದು ಮಗುವಿನ ಹಿಟ್ಟಿಗೆ ತುಂಬಾ ನೀರು ಹಾಕಿ ಮೂವರಿಗೂ ಗಂಜಿ ಮಾಡಿದ್ದಳು. ಹದಿನೈದು ದಿನದ ಹಿಟ್ಟು ಐದು ದಿನಕ್ಕೆ ಖಾಲಿ. ಅಜ್ಜಿಯದು ತಪ್ಪಾ? ಇಬ್ಬರನ್ನು ಸುಮ್ನೆ ಕೂರಿಸಿ ಒಂದಕ್ಕೆ ಮಾತ್ರ ತಿನ್ನಿಸಲು ಯಾರಿಗೆ ಮನಸ್ಸು ಬರುತ್ತೆ ಹೇಳಿ. ನಾವೇ ಲೆಕ್ಕ ಹಾಕುವಾಗ ಆ ಮನೆಯನ್ನು ನೋಡಿರಲಿಲ್ಲ. ಆಮೇಲೆ ಅಲ್ಲಿಗೆ ಹಿಟ್ಟು ಜಾಸ್ತಿ ಕೊಟ್ಟೆವು. ಗಂಜಿ ಚಮಚದಿಂದ ಸುರಿಯದಷ್ಟು ಗಟ್ಟಿಯಾಗಿರಲಿ, ಮೇಲೆ ಒಂದು ಚಮಚ ಎಣ್ಣೆ ಹಾಕಿ ಅಂತ ಅಜ್ಜಿಯ ಜೊತೆ ಕೂತು ಮಾಡಿ ತೋರಿಸಿದೆವು. ಮಗುವಿನ ಹೊಟ್ಟೆ ಚಿಕ್ಕದು, ನೀರು ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಬೇರೆ ಮನೆಯಲ್ಲಿ ಕಾರಣ ಬೇರೆ ಇರಬಹುದು. ಪದೇ ಪದೇ ಭೇದಿ, ಹಿಟ್ಟು ಸೀದ ವಾಸನೆ, ಅಥವಾ ಹಂಚುವ ದಿನವೇ ಸಂತೆ. ಒಂದು ಸಲಕ್ಕೆ ಒಂದು ಬದಲಾವಣೆ ಮಾಡಿ ಎರಡು ತಿಂಗಳು ನೋಡಿ, ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಉಪಯೋಗ ಆಯ್ತು ಅಂತ ತಿಳಿಯಲ್ಲ.

ಪಕ್ಕದ ತಮಿಳುನಾಡಿನಲ್ಲಿ 1980ರಲ್ಲಿ ಮಧುರೈ ಕಡೆಯಿಂದ ಶುರುವಾದ ಯೋಜನೆ ನನಗೆ ತುಂಬಾ ಇಷ್ಟ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳನ್ನು ಪ್ರತಿ ತಿಂಗಳು ತೂಗುತ್ತಿದ್ದರು. ತೂಕ ಸರಿಯಾಗಿ ಏರದ ಮಗುವಿಗೆ 90 ದಿನ ಆಹಾರ ಕೊಟ್ಟು, 500 ಗ್ರಾಂ ಏರಿದರೆ ನಿಲ್ಲಿಸುತ್ತಿದ್ದರು. ತೂಗಿದ್ದು ಪುಸ್ತಕಕ್ಕಾಗಿ ಅಲ್ಲ, ಆ ಮಗುವಿಗೆ ಈಗ ಏನು ಮಾಡಬೇಕು ಅಂತ ತೀರ್ಮಾನಿಸಲು. ನಿಮ್ಮ 26 ಮಕ್ಕಳಿಗೂ ಅಷ್ಟು ಮಾಡಬಹುದು ಅಲ್ವಾ?

ಒಂದು ಎಚ್ಚರಿಕೆ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದ ಊದಿದ್ದರೆ, ಹಿಟ್ಟಿನ ಮೇಲೆ ನಂಬಿಕೆ ಇಟ್ಟು ಕೂರಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಎರಡು ವರ್ಷ ತುಂಬಿದ ಮಗುವಿನ ಎತ್ತರ ಹೋದ ತಿಂಗಳಿಗಿಂತ ಕಡಿಮೆ ಬಂತು. ಮೇಲಿನವರು ಸುಳ್ಳು ಬರೆದಿದ್ದೀಯ ಅಂದರು. ತುಂಬಾ ಬೇಜಾರಾಯಿತು.

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ನೀವು ಅಳೆದದ್ದೇ ಸರಿ ಇರಬಹುದು. ಎರಡು ವರ್ಷದೊಳಗೆ ಮಗುವನ್ನು ಮಲಗಿಸಿ ಅಳೆಯುತ್ತೇವೆ, ಆಮೇಲೆ ನಿಲ್ಲಿಸಿ. ಅದೇ ಮಗು ನಿಂತಾಗ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ. ಹಿಮ್ಮಡಿ ಗೋಡೆಗೆ ತಾಗಿದೆಯಾ ನೋಡಿ ಇನ್ನೊಮ್ಮೆ ಅಳೆಯಿರಿ, ಪಕ್ಕದಲ್ಲಿ ‘ಈ ತಿಂಗಳಿಂದ ನಿಲ್ಲಿಸಿ ಅಳೆದದ್ದು’ ಅಂತ ಬರೆದಿಡಿ.